ಗೋರಂಟಿ ಹಚ್ಚಿದ ಕಾಲಿನ ಆಮ್ಲಜನಕ

ಪಾದ ತಪಾಸಣಾ ಯೋಜನೆಯ ಜಿಲ್ಲಾ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಹೊಳೆನರಸೀಪುರ
18 ನವೆಂಬರ್ 2008

ಮಾನ್ಯರೇ,

ನನ್ನ ಅಕ್ಕ ಶಿವಗಂಗಮ್ಮನ ಎಡಗಾಲು ಬೆರಳಿನ ತುದಿಯಿಂದ ಕಪ್ಪಾಗುತ್ತಾ ಬರುತ್ತಿದೆ. ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಅದೇ ಕಾಲು ಸೆಪ್ಟೆಂಬರ್ ಐದನೇ ತಾರೀಖಿನಿಂದ ಇಂದಿನವರೆಗೆ ಸುಖವಾಗಿದೆ. ಈ ಎರಡು ಕಾಲುಗಳಲ್ಲಿ ಯಾವುದನ್ನು ನಂಬಬೇಕು ಎಂದು ತಮ್ಮನ್ನು ಕೇಳಿ ಈವರೆಗೆ ನಾಲ್ಕು ಪತ್ರ ಬರೆದಿದ್ದೇನೆ. ನಾಲ್ಕಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ ಬಂತು, ಅದೂ ಒಂದೇ ಕಾಗದದ ನಾಲ್ಕು ಜೆರಾಕ್ಸ್ ಪ್ರತಿ. ಕಾಲು ನಮ್ಮ ಕಣ್ಣೆದುರಿಗೇ ಇದೆ, ತಾವು ಏನನ್ನು ಪರಿಶೀಲಿಸುತ್ತಿದ್ದೀರಿ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ. ಹಾಗಾಗಿ ಐದನೆಯ ಪತ್ರವನ್ನು ಊರಿನವರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಹೊಳೆನರಸೀಪುರದಲ್ಲಿ ಮೂವತ್ತೊಂದು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ತೀರಿಹೋದವರ ಚಿತ್ರ ದೊಡ್ಡದು ಮಾಡಿ ಫ್ರೇಮು ಹಾಕಿಸಿಕೊಡುವುದು, ಇದು ನನ್ನ ಕಸುಬು. ಕ್ಯಾಮೆರಾ ಏನನ್ನು ನೋಡುತ್ತದೆ, ಏನನ್ನು ನೋಡಿದಂತೆ ನಟಿಸುತ್ತದೆ ಎಂಬುದು ನನಗೆ ಸ್ವಲ್ಪ ಗೊತ್ತು. ಅಲ್ಲದೆ, ಸೆಪ್ಟೆಂಬರ್ ಐದರಂದು ನಮ್ಮೂರಿನಲ್ಲಿ ನಡೆದ ಪಾದ ತಪಾಸಣಾ ಶಿಬಿರದ ದಿನ, ಪಾದದ ಚಿತ್ರ ತೆಗೆಯುವ ತಮ್ಮ ಯಂತ್ರದ ಪಕ್ಕದಲ್ಲಿ ದೀಪ ಹಿಡಿದುಕೊಂಡು ನಿಂತಿದ್ದವನು ನಾನೇ. ತಮ್ಮವರು ತಂದಿದ್ದ ಎರಡು ದೀಪಗಳಲ್ಲಿ ಒಂದು ದಾರಿಯಲ್ಲಿ ಒಡೆದುಹೋಗಿತ್ತು, ಮದುವೆ ವಿಡಿಯೋಗೆ ಬಳಸುವ ನನ್ನ ಲೈಟು ಕೇಳಿ ತರಿಸಿಕೊಂಡರು. ಆದ್ದರಿಂದ ಈ ಅಪರಾಧದಲ್ಲಿ ನಾನೂ ಪಾಲುದಾರ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ತಾವು ಸಮಿತಿ ರಚಿಸಿ ಕಂಡುಹಿಡಿಯುವ ಶ್ರಮ ಬೇಡ.

ತಮ್ಮ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಅದನ್ನು ನಡೆಸುವ ಎಂಜಿನಿಯರ್ ಜಯಂತ್ ಒಳ್ಳೆಯ ಮನುಷ್ಯ, ನನಗೆ ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿದರು. ಆಮ್ಲಜನಕ ತುಂಬಿದ ರಕ್ತ ಹೊಳೆಯುವ ಕೆಂಪು, ಆಮ್ಲಜನಕ ಕಳೆದುಕೊಂಡ ರಕ್ತ ಮಂಕು ಕೆಂಪು. ಚರ್ಮದ ಮೇಲೆ ಬೆಳಕು ಬಿಟ್ಟರೆ ಒಂದಿಷ್ಟು ಒಳಗೆ ಹೊಕ್ಕು ವಾಪಸು ಬರುತ್ತದೆ. ವಾಪಸು ಬಂದ ಬೆಳಕನ್ನು ಒಂದೊಂದು ಬಣ್ಣವಾಗಿ ಬೇರ್ಪಡಿಸಿ ಲೆಕ್ಕ ಹಾಕಿದರೆ ಆ ಜಾಗದ ಮಾಂಸಕ್ಕೆ ಎಷ್ಟು ಆಮ್ಲಜನಕ ಸಿಗುತ್ತಿದೆ ಎಂದು ತಿಳಿಯುತ್ತದೆ. ಸೂಜಿ ಬೇಡ, ರಕ್ತ ತೆಗೆಯುವುದು ಬೇಡ, ಮುಟ್ಟುವುದೂ ಬೇಡ. ಮೂರಡಿ ದೂರದಿಂದ ಒಂದು ಚಿತ್ರ, ಅಷ್ಟೇ. ಪರದೆಯ ಮೇಲೆ ಚೆನ್ನಾಗಿರುವ ಜಾಗ ಕೆಂಪಾಗಿ, ಕೆಟ್ಟಿರುವ ಜಾಗ ನೀಲಿಯಾಗಿ ಮೂಡುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ, ಒಳಗೆ ರಕ್ತ ಹರಿಯುವುದು ನಿಂತರೂ ಗೊತ್ತಾಗುವುದಿಲ್ಲ. ಅಂಥವರಿಗೆ ಇದು ವರವೇ ಸರಿ. ನನ್ನ ಕ್ಯಾಮೆರಾ ಮೂವತ್ತೊಂದು ವರ್ಷ ಮನುಷ್ಯರ ಹೊರಗನ್ನು ತೆಗೆದು ದಣಿಯಿತು, ಇದು ಒಳಗನ್ನೇ ತೆಗೆಯುತ್ತದಲ್ಲ ಎಂದು ನನಗೆ ಹೊಟ್ಟೆಕಿಚ್ಚೂ ಆಯಿತು.

ಎಡವಿದ್ದು ತಮ್ಮ ಕರಪತ್ರದಲ್ಲಿ. "ಸಕ್ಕರೆ ಕಾಯಿಲೆ ಉಳ್ಳವರ ಪಾದಗಳ ಛಾಯಾಚಿತ್ರ ತೆಗೆಯಲಾಗುವುದು" ಎಂದು ಅಚ್ಚು ಹಾಕಿಸಿದಿರಿ. ಛಾಯಾಚಿತ್ರ ಅಂದ ಮೇಲೆ ನಮ್ಮ ಕಡೆಯ ಹೆಂಗಸರು ಇದ್ದ ಹಾಗೆ ಎದ್ದು ಬರುತ್ತಾರೆಯೇ ಸ್ವಾಮಿ? ರೇಷನ್ ಕಾರ್ಡಿನ ಫೋಟೋಗೂ ಹೂ ಮುಡಿದು, ಸೆರಗು ಸರಿ ಮಾಡಿಕೊಂಡು ಕೂರುವವರು ಅವರು. ಮುಖದ ಫೋಟೋಗೆ ಪೌಡರ್ ಆದರೆ ಕಾಲಿನ ಫೋಟೋಗೆ ಗೋರಂಟಿ. ಗೌರಿ ಹಬ್ಬ ಆಗಿ ಮೂರೇ ದಿನ, ಹಬ್ಬಕ್ಕೆ ಹಚ್ಚಿಕೊಂಡವರದು ಇನ್ನೂ ಮಾಸಿರಲಿಲ್ಲ. ಹಬ್ಬಕ್ಕೆ ಬಿಟ್ಟವರು ಫೋಟೋಗೆಂದು ಹಚ್ಚಿಕೊಂಡರು. ಆವತ್ತು ಬಂದ ಅರವತ್ತೆರಡು ಜನರಲ್ಲಿ ಮೂವತ್ತೆಂಟು ಮಂದಿ ಹೆಂಗಸರು, ಅವರಲ್ಲಿ ಹೆಚ್ಚಿನವರ ಕಾಲು ಮದುವಣಗಿತ್ತಿಯ ಕಾಲಿನಂತಿತ್ತು. ತಮ್ಮ ಸಿಬ್ಬಂದಿ ಅದನ್ನು ನೋಡಿ ಸಂತೋಷಪಟ್ಟರು. ಇದೇನು ಬಣ್ಣ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳುವುದೆಲ್ಲಿ ಬಂತು, ಹಚ್ಚಿಸಿದವನೇ ನಾನು. ನಮ್ಮ ಅಕ್ಕ ಹಳೇಕೋಟೆಯಲ್ಲಿರುವುದು. ಐವತ್ತೆಂಟು ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಆಗಸ್ಟಿನಲ್ಲಿ ಚಪ್ಪಲಿ ಕಚ್ಚಿ ಎಡಗಾಲಿನ ಎರಡನೇ ಬೆರಳಿನ ಮೇಲೆ ಗಾಯವಾಯಿತು, ಒಣಗಲೇ ಇಲ್ಲ. ಇಲ್ಲಿ ಅವಳನ್ನು ನೋಡುವ ವೈದ್ಯರು ಪಾದ ಮುಟ್ಟಿ, "ಕಾಲು ತಣ್ಣಗಿದೆ, ರಕ್ತ ಸರಿಯಾಗಿ ಬರುತ್ತಿಲ್ಲ ಅನ್ನಿಸುತ್ತೆ. ಶಿಬಿರ ಬರ್ತಿದೆಯಲ್ಲ, ಅಲ್ಲಿ ತೋರಿಸಿಬಿಡಿ, ಖಾತ್ರಿ ಆಗುತ್ತೆ" ಅಂದಿದ್ದರು. ನಾನು ಅಕ್ಕನಿಗೆ ಫೋನು ಮಾಡಿದೆ. "ಕಾಲು ಫೋಟೋ ತೆಗಿತಾರೆ ಕಣಕ್ಕ. ಅಂಗೇ ಮಣ್ಗಾಲಲ್ಲಿ ಬಂದ್ಬುಟ್ಟೀಯ, ಅಲ್ಲಿ ಎಲ್ರೂ ನನ್ನ ಗುರ್ತಿನೋರು" ಅಂದೆ. "ಫೋಟೋದೋನ್ ಅಕ್ಕ ಕಣ್ಲಾ ನಾನು, ನಂಗೆ ಏಳ್ಕೊಡ್ತೀಯಾ" ಅಂದಳು. ಮಾರನೇ ಮಧ್ಯಾಹ್ನವೇ ಹಿತ್ತಲಿನ ಗೋರಂಟಿ ಸೊಪ್ಪು ರುಬ್ಬಿ, ಹುಣಸೆಹಣ್ಣು ಸೇರಿಸಿ, ಗಾಯ ಒಂದನ್ನು ಬಿಟ್ಟು ಹತ್ತು ಬೆರಳಿಗೂ ಟೋಪಿ ಹಾಕಿದ ಹಾಗೆ ಮೆತ್ತಿ, ಪಾದದ ಅಂಚಿಗೆ ಸುತ್ತ ಗೆರೆ ಎಳೆದುಕೊಂಡು ಸಂಜೆವರೆಗೂ ಗೋಡೆಗೆ ಒರಗಿ ಕೂತಿದ್ದಳಂತೆ. ಅಷ್ಟು ಕೆಂಪಾದ ಗೋರಂಟಿಯನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ತಮ್ಮ ಪರದೆಯ ಮೇಲೂ ಅದು ಹಾಗೇ ಕೆಂಪಾಗಿ ಮೂಡಿತು. ಬೆರಳು ಮತ್ತು ಪಾದದ ಅಂಚು ಮಾತ್ರ ಅಳೆಯುವ ಯಂತ್ರ ಸರಾಸರಿ ಆಮ್ಲಜನಕ ಶೇಕಡಾ ತೊಂಬತ್ತೊಂದು ಎಂದು ತೋರಿಸಿತು. ಅಂದಿನ ಅರವತ್ತೆರಡು ಜನರಲ್ಲಿ ನಮ್ಮ ಅಕ್ಕನೇ ಮೊದಲು. "ಸಮಾಧಾನಕರ" ಎಂದು ಮೊಹರು ಬಿತ್ತು. ದೀಪ ಹಿಡಿದು ನಿಂತಿದ್ದ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಜಯಂತ್ ಅವರಿಂದ ಎರಡೂ ಪಾದಗಳ ಆ ಚಿತ್ರವನ್ನು ಸಿ.ಡಿ.ಗೆ ಹಾಕಿಸಿಕೊಂಡು, ದೊಡ್ಡ ಪ್ರಿಂಟು ಹೊಡೆದು, ಒಳ್ಳೆಯ ಫ್ರೇಮು ಹಾಕಿ ಹಳೇಕೋಟೆಗೆ ತೆಗೆದುಕೊಂಡು ಹೋದೆ. ಅಕ್ಕ ಅದನ್ನು ಶಿವಪಾರ್ವತಿಯರ ಪಟದ ಪಕ್ಕದಲ್ಲೇ ನೇತುಹಾಕಿದಳು. ನಮ್ಮ ಭಾವ ಶಿವಯ್ಯನವರು ಅದರ ಮುಂದೆ ನಿಂತು, "ಇನ್ಮ್ಯಾಕೆ ದಿನಾ ಇವಳದೇ ಪಾದಪೂಜೆ ಮಾಡ್ಬೇಕೇನಪ್ಪಾ" ಅಂದರು. ಎಲ್ಲರೂ ನಕ್ಕೆವು.

ನಗು ನಮ್ಮ ಮನೆಯಲ್ಲಿ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಮ್ಮ ವರದಿ ಹೊರಬಂತು. ಹೊಳೆನರಸೀಪುರ ತಾಲ್ಲೂಕಿನ ಮಹಿಳೆಯರ ಪಾದಗಳಲ್ಲಿ ಪುರುಷರ ಪಾದಗಳಿಗಿಂತ ಆಮ್ಲಜನಕದ ಪ್ರಮಾಣ ಗಣನೀಯವಾಗಿ ಅಧಿಕವಾಗಿದೆ, ಬರಿಗಾಲಿನಲ್ಲಿ ಗದ್ದೆ ಕೆಲಸ ಮಾಡುವುದು ಇದಕ್ಕೆ ಕಾರಣವಿರಬಹುದು ಎಂದು ಅದರಲ್ಲಿ ತಾವು ಬರೆದಿದ್ದೀರಿ. ಹಾಸನದ ಸಭೆಯಲ್ಲಿ ಇದೇ ಮಾತನ್ನು ತಾವು ಹೇಳಿದಾಗ ಚಪ್ಪಾಳೆ ಬಿದ್ದಿತಂತೆ. ಗಂಡಸರೂ ಅದೇ ಗದ್ದೆಯಲ್ಲಿ ಬರಿಗಾಲಿನಲ್ಲೇ ಇರುತ್ತಾರಲ್ಲ, ಅವರ ಆಮ್ಲಜನಕ ಯಾವ ಬದುವಿನಲ್ಲಿ ಸೋರಿಹೋಯಿತು ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲವೇ? ನಮ್ಮ ಗಂಡಸರು ಮಾಡಿದ ತಪ್ಪು ಒಂದೇ, ಗೋರಂಟಿ ಹಚ್ಚಿಕೊಂಡು ಬರಲಿಲ್ಲ. ಅವರಲ್ಲಿ ಹನ್ನೊಂದು ಮಂದಿಗೆ ಚಿಕಿತ್ಸೆಯ ಪತ್ರ ಸಿಕ್ಕಿತು. ಹೆಂಗಸರಲ್ಲಿ ಸಿಕ್ಕಿದ್ದು ಒಬ್ಬರಿಗೆ.

ಇತ್ತ ಅಕ್ಕ ಫೋಟೋವನ್ನು ನಂಬಿದಳು. ಸೆಪ್ಟೆಂಬರ್ ಪೂರ್ತಿ ಕಾಲು ಭಾರವಾಗಿದೆ ಅನ್ನುತ್ತಲೇ ಇದ್ದಳು. ಆದರೆ ವೈದ್ಯರ ಹತ್ತಿರ ಹೋಗೋಣ ಅಂತ ಭಾವ ಅಂದರೆ, "ಒಂಥರಾ ಮರಗಟ್ಟೈತೆ ಅಷ್ಟೇಯ. ಫೋಟೋದಲ್ಲಿ ಚೆನ್ನಾಗೈತಲ್ಲ, ಸುಮ್ಕಿರಿ" ಅನ್ನುತ್ತಿದ್ದಳು. ತನ್ನ ಕಾಲು ಹೇಳಿದ್ದನ್ನು ಬಿಟ್ಟು ಗೋಡೆಯ ಮೇಲಿನ ಕಾಲು ಹೇಳಿದ್ದನ್ನು ಕೇಳಿದಳು. ಅಕ್ಟೋಬರ್ ಎರಡನೇ ವಾರ ಆ ಬೆರಳು ಕಪ್ಪಾಯಿತು. ವೈದ್ಯರು ನೋಡಿದವರೇ ನನ್ನ ಮೇಲೆ ರೇಗಿದರು. ಮೈಸೂರಿಗೆ ಕಳಿಸಿ ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸಬೇಕು, ತಡವಾದರೆ ಇವತ್ತು ಬೆರಳು, ನಾಳೆ ಪಾದ, ಆಮೇಲೆ ಮೊಣಕಾಲು ಅಂದರು. ಅವರು ಕೊಟ್ಟಿರುವ ಗಡುವು ಈ ತಿಂಗಳ ಕೊನೆ. ಇಂದಿಗೆ ಹನ್ನೆರಡು ದಿನ ಉಳಿದಿದೆ.

ಇನ್ನು ಮುಂದಿನ ಕಥೆ ತಮಗೆ ಗೊತ್ತಿರಬೇಕು, ಏಕೆಂದರೆ ಅದರ ನಿಯಮಗಳನ್ನು ಬರೆದವರು ತಾವು. ಮೈಸೂರಿಗೆ ಹೋಗಲು ತಮ್ಮ ಕಚೇರಿಯ ಪತ್ರ ಬೇಕು. ಪತ್ರಕ್ಕೆ ಪಾದದ ಅಳತೆ ಕೆಟ್ಟದಾಗಿರಬೇಕು. ನಮ್ಮ ಅಳತೆ ತಾಲ್ಲೂಕಿಗೇ ಮೊದಲು. ವೈದ್ಯರ ಕೈಬರಹದ ಚೀಟಿ ತೋರಿಸಿದರೆ ಅದು "ವೈಯಕ್ತಿಕ ಅಭಿಪ್ರಾಯ", ಯಂತ್ರದ್ದು ಮಾತ್ರ ಪ್ರಮಾಣ. ಹಾಗಾದರೆ ಇನ್ನೊಮ್ಮೆ ಅಳೆಯಿರಿ ಅಂದರೆ, ಒಮ್ಮೆ ಅಳೆದ ಪಾದವನ್ನು ಆರು ತಿಂಗಳವರೆಗೆ ಮತ್ತೆ ಅಳೆಯತಕ್ಕದ್ದಲ್ಲ. ಅಲ್ಲಿಗೆ ಮಾರ್ಚಿ. ಯೋಜನೆಯೇ ಬೇಡ, ನಾವೇ ತೋರಿಸಿಕೊಳ್ಳುತ್ತೇವೆ ಎಂದು ಮೈಸೂರಿಗೆ ಹೋದೆವು. ಈ ಕೆಲಸ ಬಲ್ಲ ಶಸ್ತ್ರಚಿಕಿತ್ಸಕರು ತಮ್ಮ ಯೋಜನೆಯ ಪಟ್ಟಿಯಲ್ಲಿರುವವರು, ನೋಂದಾಯಿತ ರೋಗಿಯನ್ನು ತಮ್ಮ ಪತ್ರವಿಲ್ಲದೆ ಮುಟ್ಟುವ ಹಾಗಿಲ್ಲವಂತೆ. ಹೆಸರು ತೆಗೆಸಿಬಿಡೋಣ ಎಂದು ಅರ್ಜಿ ಹಾಕಿದರೆ, ಹೆಸರು ತೆಗೆಯುವ ಮೊದಲು ಅಂತಿಮ ಅಳತೆ ಆಗಬೇಕು. ಅಂತಿಮ ಅಳತೆಗೆ ಆರು ತಿಂಗಳು ಆಗಬೇಕು. ಹಳೇಕೋಟೆಯಿಂದ ಇಲ್ಲಿಗೆ, ಇಲ್ಲಿಂದ ಹಾಸನಕ್ಕೆ, ಹಾಸನದಿಂದ ಮೈಸೂರಿಗೆ, ಮತ್ತೆ ಹಾಸನಕ್ಕೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗಾದರೂ ಒಂದೇ ಸಲ ಮುಗಿದುಹೋಗುತ್ತದೆ.

ಹಾಸನದ ತಮ್ಮ ಕಚೇರಿಯಲ್ಲಿ ಗುಮಾಸ್ತರು ನನಗೆ ಬಹಳ ತಾಳ್ಮೆಯಿಂದ ವಿವರಿಸಿದರು. "ಕಂಪ್ಯೂಟರಿನಲ್ಲಿ ಚೆನ್ನಾಗಿದೆ ಅಂತ ಇದೆಯಲ್ಲ ಸಾರ್, ಚೆನ್ನಾಗಿರೋ ಕಾಲಿಗೆ ಪತ್ರ ಹೇಗೆ ಕೊಡೋದು?" "ಕಾಲು ಹೊರಗೆ ಆಟೋದಲ್ಲೇ ಇದೆ, ಬಂದು ನೋಡಿ" ಅಂದೆ. "ನಾವು ನೋಡೋ ಹಾಗಿಲ್ಲ ಸಾರ್, ನೋಡೋದು ಕ್ಯಾಮೆರಾದ ಕೆಲಸ" ಅಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಪಾಪ, ಅವರಿಗೆ ನಿಯಮಾವಳಿ ತಿಳಿದಿರಲಿಲ್ಲ.

ಇಷ್ಟಾದರೂ ತಪ್ಪು ಎಲ್ಲಾಯಿತು ಎಂಬುದು ನನಗೆ ಹೊಳೆದಿರಲಿಲ್ಲ. ಮೊದಲು ನನ್ನ ಲೈಟಿನ ಮೇಲೇ ಅನುಮಾನ ಬಂತು, ಮದುವೆ ಲೈಟಿನ ಬೆಳಕು ಹಳದಿ, ಅದೇ ಬಣ್ಣ ಕೆಡಿಸಿರಬೇಕು ಅಂದುಕೊಂಡು ಎರಡು ದಿನ ಊಟ ಸೇರಲಿಲ್ಲ. ಆದರೆ ಅದೇ ಬೆಳಕಿನಲ್ಲಿ ಗಂಡಸರ ಕಾಲು ನೀಲಿಯಾಗಿಯೇ ಬಂದಿತ್ತಲ್ಲ? ಆಮೇಲೆ ಸಿ.ಡಿ. ತೆಗೆದು ಇನ್ನೊಂದು ಪ್ರಿಂಟು ಹಾಕಿದೆ. ನೆಗೆಟಿವ್ ತಿದ್ದುವ ಭೂತಗನ್ನಡಿ ಹಿಡಿದು ನೋಡಿದೆ. ತಾವೂ ನೋಡಬೇಕು. ಕೆಂಪು ಬಣ್ಣ ಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಇದೆ, ಅಲ್ಲಿ ಗೀಟು ಹಾಕಿದ ಹಾಗೆ ನಿಲ್ಲುತ್ತದೆ. ಪಾದದ ಅಂಚಿಗೆ ಬೆರಳಗಲ ಕೆಂಪು ಪಟ್ಟಿ, ಹಿಮ್ಮಡಿಯ ಹತ್ತಿರ ಅದು ಸ್ವಲ್ಪ ವಕ್ರವಾಗಿದೆ, ಅಲ್ಲಿ ಅಕ್ಕನ ಕೈ ಅಲುಗಿದ್ದು ನನಗೆ ಗೊತ್ತು. ಗೋರಂಟಿ ಬಿಟ್ಟಿದ್ದ ಗಾಯದ ಜಾಗದಲ್ಲಿ ಮಾತ್ರ ಅವರೆಕಾಳಿನಷ್ಟು ನೀಲಿ. ಮನುಷ್ಯರ ಮೈಯಲ್ಲಿ ಆಮ್ಲಜನಕ ಗೆರೆ ಕೊರೆದ ಹಾಗೆ, ಟೋಪಿ ಹಾಕಿದ ಹಾಗೆ ಹರಿಯುತ್ತದೆಯೇ? ತಾವು ಅಳೆದದ್ದು ನನ್ನ ಅಕ್ಕನ ರಕ್ತವನ್ನಲ್ಲ, ಅವಳ ಹಿತ್ತಲಿನ ಗಿಡವನ್ನು. ಆ ಅವರೆಕಾಳಿನಷ್ಟು ಜಾಗದಲ್ಲಿ ತಮ್ಮ ಯಂತ್ರ ನಿಜ ಹೇಳಿತ್ತು, ಉಳಿದ ಕೆಂಪಿನಲ್ಲಿ ಅದು ಸರಾಸರಿಯೊಳಗೆ ಮುಳುಗಿಹೋಯಿತು. ನಾನು ಅದನ್ನು ಫ್ರೇಮು ಹಾಕಿ ಕೊಟ್ಟೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಯಂತ್ರ ಅರಕಲಗೂಡಿಗೆ ಬಂದಿದೆ ಎಂದು ತಿಳಿದು ಹೋದ ಬುಧವಾರ ಅಕ್ಕನನ್ನು ಕಾರಿನಲ್ಲಿ ಮಲಗಿಸಿಕೊಂಡು ಅಲ್ಲಿಗೆ ಹೋದೆ. ಗೋರಂಟಿ ಅಷ್ಟು ಹೊತ್ತಿಗೆ ಚರ್ಮದಿಂದ ಮಾಸಿ, ಉಗುರಿನ ತುದಿಯಲ್ಲಿ ಮಾತ್ರ ಉಳಿದಿತ್ತು. ಭಾವ ಅಕ್ಕನನ್ನು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು, ಕಾಲನ್ನು ಮಣೆಯ ಮೇಲೆ ಇಟ್ಟರು. ಮೂರಡಿ ಎದುರಿಗೆ ತಮ್ಮ ಕ್ಯಾಮೆರಾ. ಜಯಂತ್ ಅವರು ಅವಳ ನೋಂದಣಿ ಸಂಖ್ಯೆ ಒತ್ತಿದರು. "ಈಗಾಗಲೇ ಅಳೆಯಲಾಗಿದೆ" ಎಂದು ಪರದೆಯ ಮೇಲೆ ಬಂತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಬಂತು. ಸಂಖ್ಯೆ ಇಲ್ಲದೆ ತೆಗೆಯಿರಿ ಅಂದೆ. ಸಂಖ್ಯೆ ಇಲ್ಲದೆ ಯಂತ್ರ ಕಣ್ಣೇ ಬಿಡುವುದಿಲ್ಲವಂತೆ. ಕಾಲು ಇದೆ, ಕ್ಯಾಮೆರಾ ಇದೆ, ದೀಪ ಉರಿಯುತ್ತಿದೆ, ತೆಗೆಯುವವರು ನಿಂತಿದ್ದಾರೆ. ನನ್ನ ಕಸುಬಿನಲ್ಲಿ ಇಷ್ಟಿದ್ದೂ ಒಂದು ಫೋಟೋ ಆಗದೇ ಹೋದದ್ದನ್ನು ನಾನು ಕಂಡಿರಲಿಲ್ಲ.

ನಾನು ಗೋರಂಟಿಯ ವಿಷಯ ಹೇಳಿ ಪ್ರಿಂಟು ತೋರಿಸಿದೆ. ಜಯಂತ್ ಬಹಳ ಹೊತ್ತು ನೋಡಿದರು. "ನೀವು ಹೇಳೋದು ಸರಿ ಇರಬಹುದು ಸರ್. ಆದರೆ ಅದನ್ನ ನಾನು ಹೇಳೋ ಹಾಗಿಲ್ಲ" ಅಂದರು. ಆಗ ಅಕ್ಕ ಮಾತಾಡಿದಳು. "ಅದೆಲ್ಲ ಬುಡಪ್ಪಾ. ನೀನೊಂದ್ ಕಿತ ಮುಟ್ ನೋಡು, ಎಷ್ಟು ತಣ್ಣಗೈತೆ ಅಂತ." ಪಾದ ಮುಟ್ಟಿದರೆ ಅಳತೆ ಕೆಡುತ್ತದೆ, ಸಿಬ್ಬಂದಿ ಮುಟ್ಟಬಾರದು ಎಂದು ಸೂಚನೆ ಇದೆಯಮ್ಮಾ ಅಂದರು. "ಅಳತೇನೇ ಇಲ್ವಲ್ಲ, ಕೆಡೋಕೇನೈತೆ" ಅಂದಳು ಅಕ್ಕ. ಅವರು ಸುತ್ತ ನೋಡಿ, ಕುಕ್ಕರಗಾಲಿನಲ್ಲಿ ಕೂತು, ಮೊದಲು ಬಲಪಾದ ಮುಟ್ಟಿದರು. ಆಮೇಲೆ ಎಡಪಾದ ಮುಟ್ಟಿದರು. ಕೈಯನ್ನು ತಟ್ಟನೆ ತೆಗೆದುಬಿಟ್ಟರು. ಎದ್ದು ಹೊರಗೆ ಹೋದವರು ಹತ್ತು ನಿಮಿಷ ಬರಲಿಲ್ಲ. ಮೂರಡಿ ದೂರದಿಂದ ಎರಡು ತಿಂಗಳಾದರೂ ತಿಳಿಯದಿದ್ದದ್ದು ಅವರ ಕೈಗೆ ಎರಡು ಗಳಿಗೆಯಲ್ಲಿ ತಿಳಿಯಿತು. ಅದನ್ನು ಬರೆಯಲು ತಮ್ಮ ಕಂಪ್ಯೂಟರಿನಲ್ಲಿ ಒಂದು ಖಾಲಿ ಚೌಕವೂ ಇಲ್ಲ. ಹೀಗೆ ಮುಟ್ಟಿದ್ದಕ್ಕಾಗಿ ಅವರನ್ನು ತಾವು ಶಿಕ್ಷಿಸುವುದಾದರೆ ಮೊದಲು ನನ್ನನ್ನು ಕರೆಸಿ.

ಸ್ವಾಮಿ, ನಾನು ಫೋಟೋದಲ್ಲಿ ಸುಳ್ಳು ಹೇಳಿಯೇ ಬದುಕಿದವನು. ತೊಂಬತ್ತೆರಡರಲ್ಲೋ ತೊಂಬತ್ತಮೂರರಲ್ಲೋ ಒಂದು ಹೆಣ್ಣಿನ ಫೋಟೋ ತಿದ್ದಿದೆ. ಕೆನ್ನೆಯ ಮೇಲಿನ ದೊಡ್ಡ ಮಚ್ಚೆಯನ್ನು ಪೆನ್ಸಿಲಿನಲ್ಲಿ ಅಳಿಸಿ, ಮೈಬಣ್ಣವನ್ನು ಎರಡು ಮೆಟ್ಟಿಲು ಏರಿಸಿ ಕೊಟ್ಟೆ. ಚನ್ನರಾಯಪಟ್ಟಣದ ಗಂಡಿನವರು ಒಪ್ಪಿಕೊಂಡು ಹೆಣ್ಣು ನೋಡಲು ಬಂದರು. ನೋಡಿದ ಮೇಲೆ ಗಂಡಿನ ತಾಯಿ ನೇರ ನನ್ನ ಅಂಗಡಿಗೆ ಬಂದು, "ಮಚ್ಚೆ ಎಲ್ಲಿ ಮಾರ್ಕೊಂಡ್ರಿ?" ಎಂದು ಕೇಳಿದರು. ಆದರೆ ಆ ಮದುವೆ ಆಯಿತು. ಏಕೆಂದರೆ ಅವರು ಬಂದು, ಎದುರಿಗೆ ಕೂತು, ಹುಡುಗಿಯನ್ನು ಮಾತಾಡಿಸಿ, ಅವಳ ಕೈಯಿಂದ ಕಾಫಿ ತೆಗೆದುಕೊಂಡು ಕುಡಿದಿದ್ದರು. ಫೋಟೋ ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದೇ ನಮ್ಮವರು ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡಿರುವುದು. ಬರೀ ಫೋಟೋ ನೋಡಿ ತಾಂಬೂಲ ಬದಲಾಯಿಸಿಕೊಳ್ಳುವವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ. ತಾವು ಮಾತ್ರ ಫೋಟೋ ನೋಡಿ ಕಾಲನ್ನು ಒಪ್ಪಿಕೊಂಡಿರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ಎರಡನೇ ಅರ್ಧವನ್ನು ಹಿಡಿದುಕೊಂಡು ಮೊದಲನೇ ಅರ್ಧವನ್ನೇ ಬಿಟ್ಟಿರಿ.

ಯಂತ್ರವನ್ನು ಸುಟ್ಟುಹಾಕಿ ಎಂದು ನಾನು ಕೇಳುತ್ತಿಲ್ಲ. ಕಾಲು ತೊಳೆದು, ಬಣ್ಣವಿಲ್ಲದೆ ಬನ್ನಿ ಎಂದು ಕರಪತ್ರದಲ್ಲಿ ಒಂದು ಸಾಲು ಸೇರಿಸಿ. ಆವತ್ತು ಗೋರಂಟಿ ಹಚ್ಚಿಕೊಂಡು "ಸಮಾಧಾನಕರ" ಎಂದು ಬರೆಸಿಕೊಂಡು ಹೋದ ಎಲ್ಲ ಹೆಂಗಸರನ್ನೂ ಮತ್ತೆ ಕರೆಸಿ, ಅವರಲ್ಲಿ ಯಾರ ಬೆರಳು ಈಗ ಯಾವ ಬಣ್ಣದಲ್ಲಿದೆಯೋ ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಇವೆರಡನ್ನೂ ನಿಧಾನವಾಗಿ ಪರಿಶೀಲಿಸಿ. ಆದರೆ ಒಂದು ಕೆಲಸವನ್ನು ಈ ತಿಂಗಳು ಮೂವತ್ತರೊಳಗೆ ಮಾಡಿ. ಹಳೇಕೋಟೆಗೆ ಬನ್ನಿ. ಕ್ಯಾಮೆರಾ ತರಬೇಡಿ. ಮಕ್ಕಳ ಜ್ವರ ನೋಡುವಂತೆ ಹಿಂಗೈಯನ್ನು ನನ್ನ ಅಕ್ಕನ ಬಲಪಾದದ ಮೇಲಿಡಿ, ಆಮೇಲೆ ಎಡಪಾದದ ಮೇಲಿಡಿ, ಅದೇ ಕೈಯಿಂದ ಪತ್ರಕ್ಕೆ ಸಹಿ ಹಾಕಿ. ಅಷ್ಟು ದೊಡ್ಡ ಹುದ್ದೆಯವರು ಹಳ್ಳಿ ಹೆಂಗಸಿನ ಕಾಲು ಮುಟ್ಟುವುದೇ ಎಂದು ಸಂಕೋಚವಾದರೆ, ಹಿರಿಯಳು, ನಮಸ್ಕಾರ ಮಾಡಿದ ಹಾಗೆ ಆಯಿತು ಅಂದುಕೊಳ್ಳಿ. ಅವಳು ಆಶೀರ್ವಾದ ಮಾಡದೆ ಕಳಿಸುವವಳಲ್ಲ.

ನಿನ್ನೆ ಹಳೇಕೋಟೆಗೆ ಹೋಗಿದ್ದೆ. ಗೋಡೆಯ ಮೇಲಿದ್ದ ಆ ಫೋಟೋ ನನ್ನ ಕಣ್ಣಿಗೆ ಚುಚ್ಚಿತು, ತೆಗೆದುಕೊಂಡು ಹೋಗುತ್ತೇನೆ ಎಂದು ಮೊಳೆಗೆ ಕೈ ಹಾಕಿದೆ. ಮಂಚದ ಮೇಲಿದ್ದ ಅಕ್ಕ ಬೇಡ ಅಂದಳು. "ಇರ್ಲಿ ಬುಡ್ಲಾ ಚನ್ನಾ. ಎಲ್ಡ್ ಕಾಲೂ ಒಟ್ಗೆ ಇರೋ ಫೋಟೋ ನಂದು ಅದೊಂದೇಯ."

ಇಂತಿ,
ಆವತ್ತು ದೀಪ ಹಿಡಿದು ನಿಂತಿದ್ದೂ ಏನನ್ನೂ ಕಾಣದಿದ್ದ
ಚನ್ನಬಸವಯ್ಯ
ಫೋಟೋ ಸ್ಟುಡಿಯೋ, ಹೊಳೆನರಸೀಪುರ